ಸಹಾಯ ಬೇಕು: ಜರ್ಮನಿಯ ಎಕ್ಸ್‌ಚೇಂಜ್ ಸೆಮಿಸ್ಟರ್, ಕ್ರೆಡಿಟ್ ವಿಷಯ

ಪುಣೆಯ ಕನ್ನಡ ಬಂಧುಗಳಿಗೆಲ್ಲ ನಮಸ್ಕಾರ. ನಾವು ಕೋಥ್ರೂಡ್‌ನಲ್ಲಿರುವವರು, ಮೂಲ ಧಾರವಾಡ. ಮಗಳು ಇಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನ ಒಪ್ಪಂದದ ಮೇಲೆ ಜರ್ಮನಿಯ ಒಂದು ಯೂನಿವರ್ಸಿಟಿಗೆ, ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಆಯ್ಕೆಯಾಗಿದ್ದಾಳೆ. ಫೀಸು ಇಲ್ಲಿ ಕಟ್ಟಿದರೆ ಸಾಕು, ಅಲ್ಲಿ ಬೋಧನಾ ಶುಲ್ಕವಿಲ್ಲ. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

ತಲೆಬಿಸಿ ಇರುವುದು ಕ್ರೆಡಿಟ್‌ದು. ಯುರೋಪಿನಲ್ಲಿ ಪೂರ್ತಿ ಸೆಮಿಸ್ಟರ್ ಅಂದರೆ 30 ಕ್ರೆಡಿಟ್. ವಿದ್ಯಾರ್ಥಿ ಮನೆಯಲ್ಲಿ ಓದುವ ಹೊತ್ತನ್ನೂ ಸೇರಿಸಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಹಿಡಿಯುತ್ತಾರೆ. ನಮ್ಮಲ್ಲಿ ಕ್ಲಾಸಿನ ಗಂಟೆಗಳದ್ದೇ ಲೆಕ್ಕ. ಹಾಗಾಗಿ ಲರ್ನಿಂಗ್ ಅಗ್ರಿಮೆಂಟ್ ಹಾಳೆಯಲ್ಲಿ (ಅಲ್ಲಿ ಓದುವ ವಿಷಯ ಇಲ್ಲಿನ ಯಾವುದಕ್ಕೆ ಸಮ ಎಂದು ಇಲ್ಲಿನ ವಿಭಾಗದವರು ಒಪ್ಪಿ ಸಹಿ ಹಾಕುವ ಪತ್ರ) ಹೀಟ್ ಟ್ರಾನ್ಸ್‌ಫರ್ ಎದುರಿಗೆ ಸಹಿ ಬಿದ್ದಿದೆ, ಮಷೀನ್ ಡಿಸೈನ್ ಎದುರಿನ ಜಾಗ ಇನ್ನೂ ಖಾಲಿ. ಆ ಸಹಿ ಬೀಳದೆ ಹೋದರೆ ವಾಪಸ್ ಬಂದಮೇಲೆ ಅದೇ ವಿಷಯವನ್ನು ಮತ್ತೆ ಬರೆಯಬೇಕು. ಅಷ್ಟು ಕಷ್ಟಪಟ್ಟು ಓದಿದ ಹುಡುಗಿಗೆ ಅದು ಅನ್ಯಾಯ.

ನಿಮ್ಮ ಮಕ್ಕಳು ಹೀಗೆ ಹೋಗಿಬಂದಿದ್ದರೆ ದಯವಿಟ್ಟು ತಿಳಿಸಿ: ವಿಭಾಗದವರ ಮುಂದೆ ಏನೇನು ಇಟ್ಟಿರಿ? ಪೂರ್ತಿ ಸಿಲಬಸ್ಸೋ, ಗಂಟೆಗಳ ಲೆಕ್ಕವೋ? ಅಲ್ಲಿ ಪರೀಕ್ಷೆ ಫೆಬ್ರವರಿಗೆ ಬರುತ್ತದೆ, ಇಲ್ಲಿ ಅಷ್ಟರಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ. ಆ ಹಾಜರಾತಿಯನ್ನು ಹೇಗೆ ಸರಿದೂಗಿಸಿದಿರಿ?

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ಹಣವನ್ನು ಮೊದಲೇ ಕಟ್ಟಿ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಬದಲು ಸ್ಕಾಲರ್‌ಶಿಪ್ ಪತ್ರ ತೋರಿಸಿದವರಿದ್ದರೆ ಅದನ್ನೂ ಹೇಳಿ. ಫೋನಿನಲ್ಲಾದರೂ ಸರಿ, ಚಿಂಚ್‌ವಡ್ ಕಡೆಯವರಾದರೆ ಭಾನುವಾರ ನಾವೇ ಬಂದು ಕಾಣುತ್ತೇವೆ.