ಹತ್ತು ಒಂದುಗಳ ವರ್ಗದಲ್ಲಿ 8 ಎಲ್ಲಿ ಹೋಯಿತು?

ಡೊಂಬಿವಲಿ ಪೂರ್ವ:
ನಮಸ್ಕಾರ. ಮಗ ಏಳನೇ ಕ್ಲಾಸ್. 11, 111, 1111 ಹೀಗೆ ವರ್ಗ ಮಾಡ್ತಾ ಕೂತಿದ್ದಾನೆ. 121, 12321, 1234321. ಒಂಬತ್ತು ಒಂದುಗಳಿಗೆ ಕೈಯಲ್ಲೇ ಗುಣಿಸಿ 12345678987654321 ತಂದ. ಸರಿಯಾ ಅಂತ ಆಫೀಸಿನಲ್ಲಿ ಎಕ್ಸೆಲ್‌ಗೆ ಹಾಕಿದರೆ 12345678987654300 ಬಂತು. ಯಾರದ್ದು ಸರಿ? ಇನ್ನೊಂದು, ಹತ್ತು ಒಂದು ಹಾಕಿದರೆ 1234567900987654321 ಅಂತಾನೆ. ಎಡಗಡೆಯ 8 ಮಾಯ, ನಡುವೆ ಎರಡು ಸೊನ್ನೆ. ತಪ್ಪಿರಬೇಕು ಅಂದರೆ ಒಪ್ಪುತ್ತಿಲ್ಲ.

ಹಿಂಜವಡಿ ಹುಡುಗ:
ಅಕ್ಕ, ಎರಡೂ ಕಡೆ ನಿಮ್ಮ ಮಗನೇ ಸರಿ. ಎಕ್ಸೆಲ್ ಮೊದಲ 15 ಅಂಕಿ ಮಾತ್ರ ಇಟ್ಟುಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ತುಂಬುತ್ತೆ. ಇದು 17 ಅಂಕಿಯ ಸಂಖ್ಯೆ. ಹಾಗಾಗಿ ಕೊನೆಯ 21 ಹೋಯಿತು. ಉದ್ದದ ಅಕೌಂಟ್ ನಂಬರ್‌ಗಳನ್ನು ಟೆಕ್ಸ್ಟ್ ಅಂತ ಹಾಕಿ ಅನ್ನೋದು ಇದಕ್ಕೇ.

ನಿವೃತ್ತ ಕ್ಯಾಷಿಯರ್, ಮಾಟುಂಗಾ:
ತಂಗಿ, ಮೆಷೀನ್ ಬಿಡಿ, ಚೌಕಳಿ ಹಾಳೆ ತೆಗೆಯಿರಿ. 111 × 111 ಬರೆದರೆ ಮೂರು ಸಾಲು 111, ಒಂದೊಂದು ಮನೆ ಎಡಕ್ಕೆ ಸರಿದಿರುತ್ತೆ. ಈಗ ಮೇಲಿನಿಂದ ಕೆಳಗೆ ಕೂಡಿಸಿ. ಪಕ್ಕದಲ್ಲಿ ಒಂದು ಒಂದು, ಆಮೇಲೆ ಎರಡು, ನಡುವೆ ಮೂರು. ಅಂದರೆ ನಡುವಿನ ಅಂಕಿ ಎಂದರೆ ಎಷ್ಟು ಸಾಲು ಇದೆಯೋ ಅಷ್ಟು, ಬೇರೇನೂ ಅಲ್ಲ. ಒಂಬತ್ತು ಸಾಲಿದ್ದರೆ 9, ಒಂದೇ ಅಂಕಿ, ಕೈಯಲ್ಲಿ ಏನೂ ಉಳಿಯಲ್ಲ.

ಹತ್ತು ಸಾಲು ಬಂದಾಗ ನಡುವೆ ಹತ್ತು. ಸೊನ್ನೆ ಬರೆದು ಕೈಯಲ್ಲಿ ಒಂದು. ಎಡಗಡೆ ಒಂಬತ್ತಿತ್ತು, ಅದೂ ಹತ್ತಾಯಿತು. ಮತ್ತೆ ಸೊನ್ನೆ, ಮತ್ತೆ ಕೈಯಲ್ಲಿ ಒಂದು. ಅದರ ಎಡಕ್ಕೆ ಎಂಟು. ಎಂಟು ಒಂದು ಒಂಬತ್ತು. 8 ಎಲ್ಲೂ ಹೋಗಿಲ್ಲ, 9 ಆಗಿ ಕೂತಿದೆ ಅಷ್ಟೆ. ಕೈಯಲ್ಲಿ ಉಳಿದದ್ದು ಎಡಕ್ಕೇ ಹೋಗೋದು, ಅದಕ್ಕೇ ಬಲಗಡೆಯ 987654321ಕ್ಕೆ ಏನೂ ಆಗಿಲ್ಲ.

ಅಂದ ಹಾಗೆ ನೀವಿರೋ ಊರಿಗೂ ಈ ಸಂಖ್ಯೆಗೂ ನಂಟಿದೆ. ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಇಂಥವಕ್ಕೆ 'ಡೆಮ್ಲೊ ಸಂಖ್ಯೆ' ಅಂತ ಹೆಸರಿಟ್ಟರು. ಡೆಮ್ಲೊ ಅಂದರೆ ಬ್ರಿಟಿಷರ ಕಾಲದ ಜಿಐಪಿ ರೈಲ್ವೆಯಲ್ಲಿದ್ದ ನಿಮ್ಮ ಡೊಂಬಿವಲಿ ಸ್ಟೇಷನ್. ಅಲ್ಲೇ ಅವರಿಗೆ ಇದು ಹೊಳೆದದ್ದು. ಈಗ ಆ ಪ್ಲಾಟ್‌ಫಾರ್ಮ್ ಮೇಲೆ ನಿಂತು ಯೋಚಿಸೋಕೆ ಜಾಗ ಸಿಕ್ಕರೆ ಹೇಳಿ!

ಹಿಂಜವಡಿ ಹುಡುಗ:
ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಇದು ನಾವು ಹತ್ತರಲ್ಲಿ ಎಣಿಸೋದರಿಂದ ಆಗೋ ತೊಂದರೆ. ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ ಹದಿನೈದರ ತನಕವೂ ಒಂದೇ ಅಂಕಿ, ಹಾಗಾಗಿ ಹದಿನೈದು ಒಂದುಗಳ ತನಕ ಕೆಡೋದೇ ಇಲ್ಲ.

ಡೊಂಬಿವಲಿ ಪೂರ್ವ:
ಡೊಂಬಿವಲಿ ವಿಷಯ ಕೇಳಿ ಅವನಿಗೆ ನೆಲದ ಮೇಲೆ ಕಾಲಿಲ್ಲ. ಆ ಒಂಬತ್ತು ಒಂದುಗಳನ್ನು ಏನೇನರಿಂದ ಭಾಗಿಸಬಹುದು ಅಂತ ಈಗ ಕೇಳ್ತಿದ್ದಾನೆ. ನನಗಂತೂ 3ರ ಮುಂದೆ ಗೊತ್ತಿಲ್ಲ.

ನಿವೃತ್ತ ಕ್ಯಾಷಿಯರ್, ಮಾಟುಂಗಾ:
3 × 3 × 37 × 333667. ಇವನ್ನು ಇನ್ನು ಒಡೆಯೋಕಾಗಲ್ಲ. 12345678987654321 ಇದರ ವರ್ಗ ಅಲ್ವಾ, ಅದರಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುತ್ತೆ.

ಆದರೆ ಅವನಿಗೆ ಇದನ್ನು ಹೇಳಬೇಡಿ. 111111111 ಅನ್ನು ಸುಮ್ನೆ 9ರಿಂದ ಭಾಗಿಸಲಿ. 11ರಲ್ಲಿ ಒಂದು ಸಲ, ಉಳಿದದ್ದು 2. 21ರಲ್ಲಿ ಎರಡು ಸಲ, ಉಳಿದದ್ದು 3. ಹೀಗೇ 71ರಲ್ಲಿ ಏಳು ಸಲ, ಉಳಿದದ್ದು 8. ಮುಂದಿನದು 81. ಒಂಬತ್ತೊಂಬತ್ಲಿ ಎಂಬತ್ತೊಂದು, ಶೇಷ ಸೊನ್ನೆ. ಉತ್ತರ 12345679. ಇಲ್ಲೂ 8 ಇಲ್ಲ. ಯಾಕೆ ಅಂತ ಅವನೇ ಬರೆಯಲಿ, ನಾನು ಕಾಯ್ತೀನಿ.