ತಿಂಗಳಿಗೆ ಇಪ್ಪತ್ತೈದು ಸಾವಿರದೊಳಗೆ ಓಡುವ ಕಾರು: ಹಾಸನದ ಗ್ಯಾರೇಜಿನವರಿಗೆ ಪ್ರಶ್ನೆಗಳು

ನಿರ್ವಾಹಕರು: ಹಾಸನದಲ್ಲಿ ಗ್ಯಾರೇಜ್ ನಡೆಸುವ, ಹಳೆಯ ಕಾರು ಕೊಳ್ಳುವವರಿಗೆ ತಪಾಸಣೆ ಮಾಡಿಕೊಡುವ ನಮ್ಮ ಸದಸ್ಯರು ಇಂದು ಸಂಜೆ ಉತ್ತರಿಸುತ್ತಾರೆ. ಮನೆಮಂದಿ ಕೂರಬೇಕು, ಸಾಮಾನು ಹಿಡಿಯಬೇಕು, ಘಾಟಿಯಲ್ಲಿ ಎಂಜಿನ್ ಏದುಸಿರು ಬಿಡಬಾರದು, ಖರ್ಚು ಕೈ ಮೀರಬಾರದು. ಇಂಥ ಕಾರಿನ ಬಗ್ಗೆ ಮಾತ್ರ ಕೇಳಿ. ಹೆಸರಿನ ಬದಲು ಊರಿನ ನೋಂದಣಿ ಸಂಖ್ಯೆ ಸಾಕು.

ಕೆಎ-14, ಶಿವಮೊಗ್ಗ: ನಮಸ್ಕಾರ ಸರ್. ಹೊಸ ಕಾರು ಕೊಳ್ಳುವುದು. ಐ20 ಎನ್ ಲೈನ್ ಅಥವಾ ಫ್ರಾಂಕ್ಸ್ ಟರ್ಬೊ, ಯಾವುದು? ಹಿಂದೆ ಅಪ್ಪ, ಅಮ್ಮ ಕೂರುತ್ತಾರೆ. ಅಪ್ಪನಿಗೆ ಮಂಡಿನೋವು.

ಗ್ಯಾರೇಜ್, ಹಾಸನ: ನಮಸ್ಕಾರ. ಓಟದಲ್ಲಿ ಐ20 ಮುಂದೆ: ಶಕ್ತಿ 120 ಪಿಎಸ್, ಎಳೆತ (ಟಾರ್ಕ್) 172 ಎನ್‌ಎಂ. ಫ್ರಾಂಕ್ಸ್ 100 ಪಿಎಸ್, 148 ಎನ್‌ಎಂ. ಆದರೆ ಫ್ರಾಂಕ್ಸ್ ನೆಲದಿಂದ ಎತ್ತರ, ಮಂಡಿನೋವಿನವರಿಗೆ ಹತ್ತಿ ಇಳಿಯಲು ಸುಲಭ. ತಂದೆಯವರನ್ನು ಷೋರೂಮಿಗೆ ಕರೆದುಕೊಂಡು ಹೋಗಿ, ಎರಡರಲ್ಲೂ ಕೂರಿಸಿ ಇಳಿಸಿ ನೋಡಿ. ಇನ್ನೊಂದು ವಿಷಯ: ಷೋರೂಂ ಬೆಲೆ ಹತ್ತು ಲಕ್ಷ ದಾಟಿದರೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಶೇ 14ರಿಂದ ಶೇ 17ಕ್ಕೆ ಏರುತ್ತದೆ, ಅದರ ಮೇಲೆ ಸೆಸ್ ಬೇರೆ. 9.9 ಲಕ್ಷಕ್ಕೂ 10.1 ಲಕ್ಷಕ್ಕೂ ತೆರಿಗೆಯಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ. ಸನ್‌ರೂಫ್‌ಗಾಗಿ ಆ ಗೆರೆ ದಾಟಬೇಡಿ.

ಕೆಎ-32, ಕಲಬುರಗಿ: ಸರ್, ನಮ್ಮ ಬೇಸಿಗೆಯಲ್ಲಿ ಸಣ್ಣ ಟರ್ಬೊ ಎಂಜಿನ್ ಎ.ಸಿ. ಹಾಕಿಕೊಂಡು ತಾಳುತ್ತದೆಯೇ?

ಕೆಎ-09, ಮೈಸೂರು: ಅಣ್ಣ, ನಮಸ್ಕಾರ. 2018ರ ಪೋಲೊ ಜಿಟಿ ಟಿಎಸ್‌ಐ ನೋಡಿದ್ದೇನೆ. 1.2 ಟರ್ಬೊ, ಎರಡು ಕ್ಲಚ್ಚಿನ, ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ. ಇದೇ ವರ್ಷದ ಬೇರೆ ಪೋಲೊಗಳಿಗಿಂತ ಒಂದೂವರೆ ಲಕ್ಷ ಕಡಿಮೆ ಹೇಳುತ್ತಿದ್ದಾರೆ. ಆರು ಲಕ್ಷ ಸಾಲ, ಶೇ 13 ಬಡ್ಡಿ, ಐದು ವರ್ಷ. ಕಂತು 13,650 ರೂಪಾಯಿ. ಕಾರಿಗೆಂದು ತಿಂಗಳಿಗೆ 25,000 ಎತ್ತಿಟ್ಟಿದ್ದೇನೆ, ಹಾಗಾಗಿ ಹನ್ನೊಂದು ಸಾವಿರ ಉಳಿಯುತ್ತದೆ. ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಡಾಟ, ಎರಡು ವಾರಕ್ಕೊಮ್ಮೆ ಮಡಿಕೇರಿ. ಮೊದಲ ನೋಂದಣಿ ಬೆಂಗಳೂರಿನ ಕೆಎ-53. 2022ರ ನವೆಂಬರಿನಲ್ಲಿ ಎರಡನೆಯವರ ಹೆಸರಿಗೆ ಆಗಿದೆ. ಒಳಗೆ ಎಲ್ಲ ಹೊಸದರಂತಿದೆ, ಮ್ಯಾಟ್ ಕೂಡ ಹೊಸದು, ಸೆಂಟಿನ ವಾಸನೆ ಮಾತ್ರ ಸ್ವಲ್ಪ ಜಾಸ್ತಿ. ಇಪ್ಪತ್ತು ಸಾವಿರ ಮುಂಗಡ ಕೊಟ್ಟಿದ್ದೇನೆ. ತೆಗೆದುಕೊಳ್ಳಬಹುದೇ?

ಕೆಎ-25, ಹುಬ್ಬಳ್ಳಿ: ಬಿಡಬೇಡಿ! ಅಂಥ ಗಾಡಿ ಇನ್ನು ಬರುವುದಿಲ್ಲ. ಪೋಲೊ 2022ರಲ್ಲೇ ನಿಂತುಹೋಯಿತು.

ಗ್ಯಾರೇಜ್, ಹಾಸನ: ಮೈಸೂರಿನವರೇ, ನಾನು ಹೇಳುವವರೆಗೆ ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ಇದಕ್ಕೆ ನಿಧಾನವಾಗಿ ಬರೆಯಬೇಕು, ಉಳಿದವರು ಕಾಯಿರಿ.

ಮೊದಲು ಲೆಕ್ಕ. ಕಂತು ಕಟ್ಟಿದರೆ ಕಾರು ನಿಮ್ಮದಾಗುತ್ತದೆ, ಓಡುವುದಕ್ಕೆ ಬೇರೆ ದುಡ್ಡು ಬೇಕು. ಸಾವಿರ ಕಿಲೋಮೀಟರಿಗೆ, ಲೀಟರಿಗೆ ಹನ್ನೆರಡು ಕೊಟ್ಟರೂ, ಪೆಟ್ರೋಲಿಗೇ ಸುಮಾರು 8,600. ವಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಎರಡು ಸಾವಿರ. ನಾಲ್ಕು ಟೈರುಗಳನ್ನು ಸವೆತಕ್ಕೆ ತಕ್ಕಂತೆ ಹಂಚಿದರೆ ಏಳುನೂರು. ಸರ್ವಿಸಿಗೆ 1,200. ಇಷ್ಟು ಹಳೆಯ ಡಿಎಸ್‌ಜಿ ಇಟ್ಟುಕೊಳ್ಳುವವರು ಗೇರ್‌ಬಾಕ್ಸಿಗೆಂದೇ ತಿಂಗಳಿಗೆ 2,500 ಬೇರೆ ಎತ್ತಿಡಬೇಕು. ಇದು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಓಡಾಟದಲ್ಲಿ ಬಿಸಿಯಾಗಿ ಸವೆಯುತ್ತದೆ. ಒಳಗೆ ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕ ಕೈಕೊಟ್ಟರೆ ಬಿಲ್ಲು ಲಕ್ಷ ದಾಟಬಹುದು. ಎಲ್ಲ ಕೂಡಿದರೆ ಹದಿನೈದು ಸಾವಿರ. ಇಪ್ಪತ್ತೈದರಲ್ಲಿ ಕಂತಿಗೆ ಉಳಿಯುವುದು ಹತ್ತು ಸಾವಿರ ಮಾತ್ರ. ಅದೇ ಬಡ್ಡಿಗೆ, ಅದೇ ಅವಧಿಗೆ ಅದರಲ್ಲಿ ಸಿಗುವ ಸಾಲ ನಾಲ್ಕು ಲಕ್ಷ ನಲವತ್ತು ಸಾವಿರ, ಆರು ಲಕ್ಷವಲ್ಲ.

ಆದರೆ ನನಗೆ ಚಿಂತೆ ಹುಟ್ಟಿಸಿದ್ದು ಲೆಕ್ಕವಲ್ಲ. ಕೆಎ-53 ಎಂದರೆ ಬೆಂಗಳೂರಿನ ಪೂರ್ವ ಭಾಗದ ಗಾಡಿ, 2022ರ ಸೆಪ್ಟೆಂಬರ್ ಕಳೆದು ಎರಡೇ ತಿಂಗಳಿಗೆ ಕೈ ಬದಲಾಗಿದೆ, ಬೆಲೆ ಕಡಿಮೆ, ಮ್ಯಾಟ್ ಹೊಸದು, ಸೆಂಟು ಜೋರು. ಆ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮಳೆನೀರಿನಲ್ಲಿ ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಈ ಗಾಡಿಯೂ ಮುಳುಗಿತ್ತೆಂದು ನಾನು ಹೇಳುತ್ತಿಲ್ಲ. ಪರೀಕ್ಷಿಸದೆ ಕೊಳ್ಳಬೇಡಿ ಎನ್ನುತ್ತಿದ್ದೇನೆ.

ನಾಳೆ ಹಗಲು ಬೆಳಕಿನಲ್ಲಿ ಹೋಗಿ. ಮುಂದಿನ ಎರಡೂ ಸೀಟ್ ಬೆಲ್ಟುಗಳನ್ನು ಕೊನೆಯವರೆಗೆ ಎಳೆಯಿರಿ. ಎಲ್ಲರೂ ಅರ್ಧ ಎಳೆದು ಬಿಡುತ್ತಾರೆ, ತೊಳೆಯುವವರೂ ಅಷ್ಟನ್ನೇ ತೊಳೆಯುತ್ತಾರೆ. ಸುರುಳಿಯೊಳಗೆ ಉಳಿದ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಬೆಲ್ಟಿನ ಬುಡದಲ್ಲಿರುವ ಚೀಟಿಯಲ್ಲಿ ತಯಾರಾದ ತಾರೀಖು ನೋಡಿ, ಗಾಡಿಯ ವರ್ಷಕ್ಕೆ ಹೊಂದಬೇಕು. ಸೀಟನ್ನು ಹಿಂದೆ ತಳ್ಳಿ ಹಳಿಯ ಬೋಲ್ಟುಗಳನ್ನು ಮುಟ್ಟಿ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯ ಮೂಲೆಗಳಲ್ಲಿ ಬೆರಳಾಡಿಸಿ. ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಸಾಮಾನ್ಯವಾಗಿ ಗೇರ್ ಕೋಲಿನ ಹತ್ತಿರ, ನೆಲಮಟ್ಟದಲ್ಲೇ ಇರುತ್ತದೆ. ನೀರು ಕಂಡ ಕನೆಕ್ಟರು ಒಂದೆರಡು ವರ್ಷ ಸುಮ್ಮನಿದ್ದು ಆಮೇಲೆ ಹಸಿರುಗಟ್ಟುತ್ತದೆ. ಅಪಘಾತದ ದಿನ ಏರ್‌ಬ್ಯಾಗ್ ತೆರೆಯದಿದ್ದರೆ ಯಾರನ್ನು ಕೇಳುತ್ತೀರಿ?

ಕಾಗದವನ್ನೂ ನೋಡಿ. ಮೊದಲ ಮಾಲೀಕರ ಆ ವರ್ಷದ ವಿಮಾ ಪಾಲಿಸಿ ಕೇಳಿ. ಪರಿಹಾರ ಪಡೆದಿದ್ದರೆ ಮುಂದಿನ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿದಿರುತ್ತದೆ. ಎರಡನೆಯವರ ಪಾಲಿಸಿ ತೋರಿಸಿದರೆ ಒಪ್ಪಬೇಡಿ. ಬೋನಸ್ ಮಾಲೀಕನಿಗೆ ಸೇರಿದ್ದು, ಗಾಡಿಗಲ್ಲ. ಮಾಲೀಕ ಬದಲಾದಾಗ ಅದು ಹೇಗೂ ಸೊನ್ನೆಯಿಂದಲೇ ಶುರುವಾಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಕೆಎ-09, ಮೈಸೂರು: ಕೈಕಾಲು ತಣ್ಣಗಾದವು ಅಣ್ಣ. ನಾಳೆಯೇ ಹೋಗುತ್ತೇನೆ.

ಕೆಎ-16, ಚಿತ್ರದುರ್ಗ: ಸರ್, 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ?

ಗ್ಯಾರೇಜ್, ಹಾಸನ: ಎಂಜಿನ್ನನ್ನು ಅದಕ್ಕೆಂದು ಹೊಂದಿಸಿರದಿದ್ದರೆ ಇಲ್ಲ. ಆಕ್ಟೇನ್ ಎಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದಂತೆ ತಡೆಯುವ ಗುಣದ ಅಳತೆ, ಅಷ್ಟೇ. ಕೈಪಿಡಿಯಲ್ಲಿ ಬರೆದದ್ದನ್ನು ಹಾಕಿ.

ಕೆಎ-06, ತುಮಕೂರು: ಎಲ್ಲರ ಉಪಯೋಗಕ್ಕಾಗಿ ಹಂಚಿಕೊಳ್ಳುತ್ತಿದ್ದೇನೆ. "ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ನಿಮ್ಮ ಎಂಜಿನ್ ತಿನ್ನುತ್ತಿದೆ! ಕ್ಯಾನಿನಲ್ಲಿ ಪೆಟ್ರೋಲಿಗೆ ನೀರು ಬೆರೆಸಿ ಚೆನ್ನಾಗಿ ಕುಲುಕಿ. ಎಥೆನಾಲ್ ನೀರಿನೊಂದಿಗೆ ಕೆಳಗಿಳಿಯುತ್ತದೆ. ಮೇಲಿನ ಶುದ್ಧ ಪೆಟ್ರೋಲ್ ಟ್ಯಾಂಕಿಗೆ ಹಾಕಿ. ಹತ್ತು ಜನರಿಗೆ ಕಳುಹಿಸಿ."

ಗ್ಯಾರೇಜ್, ಹಾಸನ: ದಯವಿಟ್ಟು ಇದನ್ನು ಅಳಿಸಿ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಕುಲುಕಿದರೆ ಆವಿ ತುಂಬುತ್ತದೆ, ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು, ಮನೆ ಹತ್ತಿಕೊಳ್ಳುತ್ತದೆ. ಎಥೆನಾಲ್ ನೀರಿನ ಜೊತೆ ಇಳಿಯುವುದು ನಿಜ, ಆದರೆ ಆ ಪೆಟ್ರೋಲಿನ ಆಕ್ಟೇನ್ ಏರಿಸುತ್ತಿದ್ದುದೇ ಅದು. ಮೇಲೆ ಉಳಿದದ್ದನ್ನು ಟರ್ಬೊ ಎಂಜಿನ್ನಿಗೆ ಹಾಕಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ಶುರುವಾಗುತ್ತದೆ. ಟ್ಯಾಂಕಿನಲ್ಲಿ ನೀರು ಸೇರಿದರೆ ಇಂಜೆಕ್ಟರ್ ಕೂಡ ಹೋಗುತ್ತದೆ. ಹಳೆಯ ಗಾಡಿಗೆ ಇ20 ಬಗ್ಗೆ ಅಳುಕಿದ್ದರೆ ರಬ್ಬರ್ ಪೈಪು, ಸೀಲುಗಳನ್ನು ತಪಾಸಣೆ ಮಾಡಿಸಿ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೆಎ-06, ತುಮಕೂರು: ನನಗೆ ಕಳುಹಿಸಿದವರು ಎಂಜಿನಿಯರ್. ಪೆಟ್ರೋಲಿಗೆ ಎರಡು ಮುಚ್ಚಳ ಟೂ-ಸ್ಟ್ರೋಕ್ ಆಯಿಲ್ ಹಾಕುವುದೂ ಒಳ್ಳೆಯದಂತೆ. ಅದರ ಬಗ್ಗೆ ಏನು ಹೇಳುತ್ತೀರಿ?

ಗ್ಯಾರೇಜ್, ಹಾಸನ: ಹಾಕಬೇಡಿ. ನೇರ ಇಂಜೆಕ್ಷನ್ನಿನ ಟರ್ಬೊ ಎಂಜಿನ್ನಿನಲ್ಲಿ ಆಯಿಲಿನ ಹನಿಯಿಂದ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹೊತ್ತಿಕೊಳ್ಳಬಹುದು. ಪಿಸ್ಟನ್ ಬಿರುಕು ಬಿಡುವುದು ಹೀಗೆಯೇ. ಫಾರ್ವರ್ಡ್ ಬಂದದ್ದಕ್ಕೆಲ್ಲ ಇನ್ನು ಉತ್ತರಿಸುವುದಿಲ್ಲ.

ಕೆಎ-25, ಹುಬ್ಬಳ್ಳಿ: ಮೈಸೂರಿನವರಿಗೆ ಒಂದು ಮಾತು. ಗಾಡಿ ಸರಿಯಿದ್ದರೆ ರಿಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸಿ ಶಕ್ತಿ ಹೆಚ್ಚಿಸಿ. 105 ಪಿಎಸ್ಸಿನ ಎಂಜಿನ್ ಬೇರೆಯದೇ ಆಗುತ್ತದೆ. ಆ ಗೇರ್‌ಬಾಕ್ಸ್ 250 ಎನ್‌ಎಂ ತಾಳುತ್ತದೆ, ಎಂಜಿನ್ ಕೊಡುವುದು 175 ಮಾತ್ರ. ಬೇಕಾದಷ್ಟು ಜಾಗವಿದೆ.

ಕೆಎ-19, ಮಂಗಳೂರು: ವಿಮೆಯವರಿಗೆ ತಿಳಿಸಿದ್ದೀರಾ? ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯಿದೆ. ಮಾಡಿಸಿದ್ದನ್ನು ಮುಚ್ಚಿಟ್ಟರೆ ಅಪಘಾತದ ನಂತರ ಪರಿಹಾರ ನಿರಾಕರಿಸಲು ನೀವೇ ಕಾರಣ ಕೊಟ್ಟಂತೆ. ನಾನು ವಕೀಲ, ಇಂಥ ಕಡತಗಳು ನನ್ನ ಮೇಜಿಗೆ ಬರುತ್ತವೆ.

ಕೆಎ-25, ಹುಬ್ಬಳ್ಳಿ: ರಿಮ್ಯಾಪ್ ಹೊರಗೆ ಕಾಣುವುದಿಲ್ಲ. ನಿಮ್ಮಂಥವರಿಂದಲೇ ನಮ್ಮಲ್ಲಿ ಗಾಡಿ ಓಡಿಸುವ ಸಂತೋಷ ಸತ್ತಿರುವುದು.

ಕೆಎ-19, ಮಂಗಳೂರು: ಕಾಣುವುದಿಲ್ಲ ಎಂಬ ಕಾರಣಕ್ಕೆ ಸರಿ ಎನ್ನುವವರ ಹತ್ತಿರ ವಾದ ಮಾಡುವುದಿಲ್ಲ.

ಕೆಎ-25, ಹುಬ್ಬಳ್ಳಿ: ಶುರು ಮಾಡಿದ್ದು ನೀವು.

ಕೆಎ-20, ಉಡುಪಿ: ಕಡಲತೀರದಲ್ಲಿ ಐದು ವರ್ಷ ಇದ್ದ ಗಾಡಿಯ ಅಡಿ ಭಾಗದ ತುಕ್ಕನ್ನು ಹೇಗೆ ಪರೀಕ್ಷಿಸುವುದು? ಯಾರಾದರೂ ಹೇಳಿ.

ಗ್ಯಾರೇಜ್, ಹಾಸನ: ಹುಬ್ಬಳ್ಳಿಯವರೇ, 250 ಎನ್ನುವುದು ಹೊಸ ಕ್ಲಚ್ಚಿನ ಮಿತಿ. ಅಷ್ಟು ವರ್ಷ ನಗರದಲ್ಲಿ ತೆವಳಿದ ಕ್ಲಚ್ಚಿನಲ್ಲಿ ಎಷ್ಟು ಉಳಿದಿದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಂತು ಕಟ್ಟಿ ಗಾಡಿ ಕೊಳ್ಳುವ ಹುಡುಗನಿಗೆ ಕೊಡುವ ಸಲಹೆಯೇ ಇದು? ವಕೀಲರು ಹೇಳಿದ್ದು ಸರಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಕೆಎ-02, ಬೆಂಗಳೂರು: ದೆಹಲಿಯಿಂದ ಆಕ್ಟೇವಿಯಾ ತಂದರೆ ಅಗ್ಗವಲ್ಲವೇ?

ಗ್ಯಾರೇಜ್, ಹಾಸನ: ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಮರುನೋಂದಣಿ, ಇಲ್ಲಿನ ತೆರಿಗೆ, ಅಲ್ಲಿನ ನಿರಾಕ್ಷೇಪಣಾ ಪತ್ರ ಎಲ್ಲ ಬೇಕು. ಅವನ್ನು ಕೂಡಿ ನೋಡಿ, ಆಮೇಲೆ ಅಗ್ಗ ಎನ್ನಿ.

ಕೆಎ-17, ದಾವಣಗೆರೆ: ಸರ್, 100 ಆಕ್ಟೇನ್ ಹಾಕಬಹುದೇ?

ಗ್ಯಾರೇಜ್, ಹಾಸನ: ಮೇಲೆ ಉತ್ತರಿಸಿದ್ದೇನೆ. ಓದಿ.

ಕೆಎ-09, ಮೈಸೂರು: ಅಣ್ಣ, ನಿನ್ನೆ ನೀವು ಹೇಳಿದಂತೆ ಈಗಷ್ಟೇ ನೋಡಿ ಬಂದೆ. ಎಡಗಡೆಯ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಕಂದು ಗೆರೆ ಇದೆ, ಉಜ್ಜಿದರೆ ಬೆರಳಿಗೆ ಹುಡಿ ಬರುತ್ತದೆ. ಚಾಲಕನ ಕಡೆಯದು ಹೊಳೆಯುವಷ್ಟು ಹೊಸದು, ಚೀಟಿಯಲ್ಲಿ 2022 ಎಂದಿದೆ. ಗಾಡಿ 2018ರದು. ಮೊದಲ ಮಾಲೀಕರ ಪಾಲಿಸಿ ಕೇಳಿದಾಗ "ಬೇಕಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ, ಮುಂಗಡ ವಾಪಸ್ ಇಲ್ಲ" ಎಂದರು.

ಗ್ಯಾರೇಜ್, ಹಾಸನ: ಬಿಟ್ಟುಬಿಡಿ. ಇನ್ನೂ ಒಂದು ಲಕ್ಷ ಕಡಿಮೆ ಮಾಡಿದರೂ ಬೇಡ. ಆ ಬೆಲ್ಟಿನ ಫೋಟೊ, ಚೀಟಿಯ ಫೋಟೊ, ಮುಂಗಡದ ರಸೀದಿ, ಗಾಡಿಯ ಜಾಹೀರಾತು ಎಲ್ಲವನ್ನೂ ಇಂದೇ ತೆಗೆದಿಟ್ಟುಕೊಳ್ಳಿ. ನಾಳೆಯ ಹೊತ್ತಿಗೆ ಜಾಹೀರಾತು ಇರುವುದಿಲ್ಲ.

ಕೆಎ-19, ಮಂಗಳೂರು: ಮೊದಲು ಲಿಖಿತವಾಗಿ ಹಣ ವಾಪಸ್ ಕೇಳಿ. ಗಾಡಿ ನೀರಿನಲ್ಲಿ ಮುಳುಗಿದ್ದನ್ನು ಮುಚ್ಚಿಟ್ಟು ಮುಂಗಡ ಪಡೆದಿದ್ದಾರೆ ಎಂದು ಸ್ಪಷ್ಟವಾಗಿ ಬರೆಯಿರಿ. ಮಾರುವವರು ಗಾಡಿ ವ್ಯಾಪಾರಿಯಾಗಿದ್ದು ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು. ಕರಡು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ, ಶುಲ್ಕ ಬೇಡ.

ಕೆಎ-25, ಹುಬ್ಬಳ್ಳಿ: ಇಪ್ಪತ್ತು ಸಾವಿರಕ್ಕೆ ಆಯೋಗವೇ? ಅಲೆದಾಟಕ್ಕೇ ಅಷ್ಟಾಗುತ್ತದೆ.

ಕೆಎ-09, ಮೈಸೂರು: ನಿನ್ನೆ ಬಿಡಬೇಡಿ ಎಂದವರೂ ನೀವೇ. ಆ ಮಾತು ಕೇಳಿದ್ದರೆ ಆರು ಲಕ್ಷ ಹೋಗುತ್ತಿತ್ತು. ವಕೀಲರೇ, ಕರಡು ಕಳುಹಿಸಿ. ಅಣ್ಣ, ಹಾಗಾದರೆ ನನ್ನ ಲೆಕ್ಕಕ್ಕೆ ಯಾವ ಗಾಡಿ ಹುಡುಕಲಿ? ಕೈಯಲ್ಲಿ ಒಂದು ಲಕ್ಷವಿದೆ.

ಗ್ಯಾರೇಜ್, ಹಾಸನ: ಮ್ಯಾನುಯಲ್ ಹುಡುಕಿ. ಗೇರ್‌ಬಾಕ್ಸಿಗೆಂದು ಎತ್ತಿಡಬೇಕಿದ್ದ 2,500ರಲ್ಲಿ ಹೆಚ್ಚಿನ ಭಾಗ ನಿಮ್ಮಲ್ಲೇ ಉಳಿಯುತ್ತದೆ. 2017ರಿಂದ 2020ರ ಆರಂಭದವರೆಗೆ ಬಂದ ಬಲೆನೊ ಆರ್‌ಎಸ್ ನಿಮ್ಮ ಬಜೆಟ್ಟಿಗೆ ಹತ್ತಿರದಲ್ಲಿದೆ: 1.0 ಟರ್ಬೊ, 102 ಪಿಎಸ್, ಟನ್ನಿಗಿಂತ ಕಡಿಮೆ ತೂಕ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದೆ ಕಾಲು ಚಾಚುವಷ್ಟು ಜಾಗ. ಅದೇ ಕುಟುಂಬದ ಎಂಜಿನ್ ಈಗ ಫ್ರಾಂಕ್ಸ್‌ನಲ್ಲಿ ಬರುತ್ತಿರುವುದರಿಂದ ಅದನ್ನು ಬಿಚ್ಚಲು ಗೊತ್ತಿರುವವರು ಸಿಗುತ್ತಾರೆ. ಫೋರ್ಡ್ ಫಿಗೊ 1.5 ಡೀಸೆಲ್ ಕೂಡ ನೋಡಬಹುದು. 100 ಪಿಎಸ್, 215 ಎನ್‌ಎಂ, ಮಡಿಕೇರಿಯ ಏರು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಕಂಪನಿ 2021ರಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಮೈಸೂರಿನಲ್ಲಿ ಸರ್ವಿಸ್, ಬಂಪರು, ಹೆಡ್‌ಲೈಟು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಕೆಎ-06, ತುಮಕೂರು: ನನ್ನ ಸಂದೇಶವನ್ನು ನಿರ್ವಾಹಕರು ಅಳಿಸಿದ್ದು ಸರಿಯಲ್ಲ. ಎಲ್ಲರಿಗೂ ಅಭಿಪ್ರಾಯ ಸ್ವಾತಂತ್ರ್ಯವಿದೆ.

ನಿರ್ವಾಹಕರು: ಬೆಂಕಿಯ ವಿಷಯದಲ್ಲಿ ಇಲ್ಲ.

ಕೆಎ-18, ಚಿಕ್ಕಮಗಳೂರು: ಸರ್, ನಮ್ಮೂರಿನಲ್ಲೇ ಒಂದು ಬಲೆನೊ ಆರ್‌ಎಸ್ ಮಾರಾಟಕ್ಕಿದೆ. ಮೈಸೂರಿನವರು ಒಪ್ಪಿದರೆ ಭಾನುವಾರ ನಿಮ್ಮ ಗ್ಯಾರೇಜಿಗೆ ತರಿಸಲೇ?

ಗ್ಯಾರೇಜ್, ಹಾಸನ: ತರಿಸಬೇಡಿ, ನಾನೇ ಬರುತ್ತೇನೆ. ಹಿಂದಿನ ರಾತ್ರಿಯಿಂದ ಯಾರೂ ಸ್ಟಾರ್ಟ್ ಮಾಡಿರಬಾರದು. ಟರ್ಬೊ ಹೊಗೆಯುಗುಳುವುದು, ಎಂಜಿನ್ನಿನೊಳಗಿನ ಚೈನ್ ಸದ್ದು ಮಾಡುವುದು ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗುತ್ತದೆ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ತಪಾಸಣೆ ಮಾಡದೆ ವಾಪಸ್ ಬರುತ್ತೇನೆ. ಮಾರುವವರಿಗೆ ಇದನ್ನು ಮೊದಲೇ ಹೇಳಿಬಿಡಿ.