ಮನೆಯ ಸಾಮಾನೆಲ್ಲ ಸುತ್ತಮುತ್ತ ತಯಾರಾದದ್ದೇ ಇರಬೇಕೆಂದರೆ ಗೆರೆ ಎಲ್ಲಿ ಎಳೆಯಬೇಕು?

ನೇಕಾರರ ಮಗಳು:
ಮನೆಗೆ ಬೇಕಾದುದನ್ನೆಲ್ಲ ಸುತ್ತಮುತ್ತಲಿನವರು ಮಾಡಿದ್ದನ್ನೇ ಕೊಳ್ಳಬೇಕೆಂದು ಎಂಟು ತಿಂಗಳಿಂದ ಹಟ ಹಿಡಿದಿದ್ದೇನೆ. ನನ್ನ ತಂದೆಯವರ ಮಗ್ಗ ನಿಂತಾಗ ನನಗೆ ಹನ್ನೊಂದು ವರ್ಷ. ಅವರ ನೇಯ್ಗೆಯಲ್ಲಿ ಒಂದು ಎಳೆಯ ಕೊರತೆಯೂ ಇರಲಿಲ್ಲ. ಕೊಳ್ಳುವವರು ಬರಲಿಲ್ಲ, ಅಷ್ಟೆ. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು ಎಂಬ ಆಸೆ ನನ್ನದು.

ಪೊರಕೆ, ಬುಟ್ಟಿ, ಚಾಪೆ, ಹೊದಿಕೆ ಬೇಗ ಸಿಕ್ಕವು. ಕಬ್ಬಿಣದ ಬಾಣಲೆಗಾಗಿ ಕಮ್ಮಾರರ ಬಳಿ ಮೂರು ವಾರ ಕಾದೆ, ಸಂತೋಷದಿಂದಲೇ ಕಾದೆ. ಆಮೇಲೆ ಗೊಂದಲ ಶುರುವಾಯಿತು. ಸಾಬೂನು ಮಾಡುವವರು ಪಕ್ಕದ ಬೀದಿಯಲ್ಲೇ ಇದ್ದಾರೆ, ಆದರೆ ಬಳಸುವುದು ತಾಳೆ ಎಣ್ಣೆ. ಜಗತ್ತಿನ ತಾಳೆ ಎಣ್ಣೆಯಲ್ಲಿ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳದ್ದು. ಹಾಗಾಗಿ ಅವರ ಸಾಬೂನು ಬಿಟ್ಟೆ. ತುಕ್ಕು ಹಿಡಿಯದ ಸ್ಟೀಲ್ ಎಂದರೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೇಕು, ಅದರ ಅದಿರು ಹೆಚ್ಚಾಗಿ ಸಿಗುವುದು ದಕ್ಷಿಣ ಆಫ್ರಿಕಾದಂಥ ಕೆಲವೇ ದೇಶಗಳಲ್ಲಿ. ಮಿಕ್ಸಿ ಕೆಟ್ಟು ಅಟ್ಟ ಸೇರಿದೆ. ಹೊಸದನ್ನು ಕೊಳ್ಳಲು ಮನಸ್ಸು ಬರುತ್ತಿಲ್ಲ. ಸದ್ಯ ಬಾರ್‌ಕೋಡ್‌ನ ಮೊದಲ ಮೂರು ಅಂಕಿ ನೋಡಿ ತೀರ್ಮಾನಿಸುತ್ತಿದ್ದೇನೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಸುಂಕದ ಗುಮಾಸ್ತ:
ಬಾರ್‌ಕೋಡ್ ನೋಡಿ ಕೊಳ್ಳುವುದನ್ನು ದಯವಿಟ್ಟು ಬಿಡಿ. ಬಾರ್‌ಕೋಡ್ ಸಂಖ್ಯೆ ಹಂಚುವ ಜಿಎಸ್‌1 ಎಂಬ ಸಂಸ್ಥೆಯ ಯಾವ ದೇಶದ ಶಾಖೆಯಿಂದ ಕಂಪನಿಯು ಸಂಖ್ಯೆ ಪಡೆದಿದೆ ಎಂಬುದಷ್ಟೇ ಆ ಅಂಕಿಗಳಿಂದ ತಿಳಿಯುತ್ತದೆ. ಸರಕು ಬೇರೆಲ್ಲೋ ತಯಾರಾಗಿರಬಹುದು.

ಮೂಲ ದೇಶದ ಹೆಸರನ್ನು ಓದುವಾಗಲೂ ಎಚ್ಚರ ಬೇಕು. ಹಲವು ದೇಶಗಳಿಂದ ಬಂದ ಭಾಗಗಳಿದ್ದರೆ, ವಸ್ತುವಿಗೆ ಕೊನೆಯ ಮಹತ್ವದ ರೂಪಾಂತರ ಎಲ್ಲಿ ಆಯಿತೋ ಆ ದೇಶವನ್ನು ಮೂಲವೆಂದು ಎಣಿಸುವುದು ಸುಂಕದ ವ್ಯವಹಾರದಲ್ಲಿ ಸಾಮಾನ್ಯ. ವಿದೇಶಿ ಸರಕು ಸ್ವದೇಶಿಯ ವೇಷದಲ್ಲಿ ಮಾರಾಟವಾಗದಿರಲೆಂದು 1887ರಲ್ಲಿ ಬ್ರಿಟನ್ ಕಾಯ್ದೆ ತಂದಿತು. ಜರ್ಮನಿಯ ಸರಕನ್ನು ದೂರವಿಡಲು ಬಂದ 'ಮೇಡ್ ಇನ್ ಜರ್ಮನಿ' ಎಂಬ ಗುರುತೇ ಮುಂದೆ ಜರ್ಮನಿಯ ಗುಣಮಟ್ಟಕ್ಕೆ ಹೆಸರು ತಂದುಕೊಟ್ಟಿತು! ಅಂಗಡಿಯಲ್ಲಿ ನಾನು ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳುತ್ತೇನೆ: ಎಲ್ಲಿ ತಯಾರಾಯಿತು, ಎಲ್ಲಿ ಜೋಡಿಸಿದರು?

ರಿಪೇರಿಯವನು:
ಮಿಕ್ಸಿಯನ್ನು ಅಟ್ಟದಿಂದ ಇಳಿಸಿ. ನನ್ನ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನವಕ್ಕೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತದೆ, ಇಲ್ಲವೇ ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರ್ ಮುರಿದಿರುತ್ತದೆ. ಮೋಟಾರಿನ ಸುರುಳಿ ಸುಟ್ಟಿದ್ದರೂ ಹೊಸ ತಂತಿ ಸುತ್ತಬಹುದು. ಬ್ರಷ್ ದೂರದಿಂದ ಬಂದಿರಬಹುದು, ನಿಜ. ಅದನ್ನು ಹಾಕುವ ಕೈ ನಿಮ್ಮ ನೆರೆಯದು.

ಮಣ್ಣಿನ ಕೆಲಸದವಳು:
ಹತ್ತಿರದವರು ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ, ಕುಂಬಾರಿಕೆ ಮಾಡುವವಳಾಗಿಯೇ ಹೇಳುತ್ತಿದ್ದೇನೆ. ಮೆರುಗು ಹಚ್ಚಿದ ಪಾತ್ರೆಯಾದರೆ ಮೆರುಗಿನಲ್ಲಿ ಸೀಸವಿದೆಯೇ ಎಂದು ಕೇಳಿ. ಸೀಸವಿದ್ದರೆ ಹುಳಿ ಪದಾರ್ಥ ಅದನ್ನು ಕರಗಿಸಿ ಹೊಟ್ಟೆಗೆ ಇಳಿಸುತ್ತದೆ. ಕೇಳಿದರೆ ನಮಗೆ ಬೇಸರವಿಲ್ಲ. ಹಿಡಿ ಸಡಿಲವಾಗಿದ್ದರೂ ತಂದು ತೋರಿಸಿ. ಸುಮ್ಮನೆ ಬಿಟ್ಟುಹೋದ ಗಿರಾಕಿಯಿಂದ ನಾವು ಏನನ್ನೂ ಕಲಿಯಲಾರೆವು. ಇನ್ನೊಂದು ಮಾತು, ವ್ಯಾಪಾರ ಮಂದವಿರುವ ದಿನಗಳಲ್ಲಿ ಮುಂಗಡ ಕೊಟ್ಟು ಹೇಳಿ ಮಾಡಿಸಿ. ಆಗ ಬರುವ ಹಣದಲ್ಲೇ ನಾನು ಮುಂದಿನ ಗೂಡಿಗೆ ಸೌದೆ ಕೊಳ್ಳುವುದು.

ನೇಕಾರರ ಮಗಳು:
ಎಲ್ಲರ ಉತ್ತರಗಳನ್ನೂ ತಂದೆಯವರಿಗೆ ಓದಿ ಹೇಳಿದೆ. ಸಾಬೂನಿನ ವಿಷಯ ಬಂದಾಗ ತಡೆದರು. "ನನ್ನ ನೂಲು ಎಲ್ಲಿಂದ ಬರುತ್ತಿತ್ತು ಅಂದುಕೊಂಡೆ? ಬಣ್ಣವೂ ದೂರದ್ದೇ. ನೇಯ್ದದ್ದು ನಾನು, ನಿನ್ನಮ್ಮ ನೂಲನ್ನು ಕಂಡಿಕೆಗೆ ಸುತ್ತಿದಳು" ಎಂದರು. ಇಷ್ಟು ವರ್ಷ ನಾನು ಅದನ್ನು ಕೇಳಿಯೇ ಇರಲಿಲ್ಲ.

ಸಂಜೆ ಪಕ್ಕದ ಬೀದಿಗೆ ಹೋಗಿ ಆರು ಸಾಬೂನು ತಂದೆ. ಮಿಕ್ಸಿಯ ಧೂಳು ಒರೆಸಿ ಬಾಗಿಲ ಬಳಿ ಇಟ್ಟಿದ್ದೇನೆ, ನಾಳೆ ರಿಪೇರಿಗೆ ಒಯ್ಯುತ್ತೇನೆ.